ಕಾಕುವಿನ ದೋಣಿಗೆ ಹತ್ತು ವರ್ಷದ ಗ್ಯಾರಂಟಿ

ಹೋದ ವಾರ ಥಾಣೆಯ ನೌಪಾಡಾದಲ್ಲಿ ಪೂಜಾ ಸಾಮಾನಿನ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಗಿರಾಕಿಗೆ ರಾಳ ಬೇಕಿತ್ತು. ಅಸಲಿಯೋ ನಕಲಿಯೋ ಎಂದು ಆತ ಅನುಮಾನಪಟ್ಟಿದ್ದಕ್ಕೆ ಅಂಗಡಿಯವನು ಒಂದೆರಡು ಹರಳು ತೆಗೆದು ಕೆಂಡದ ಮೇಲೆ ಹಾಕಿ ತೋರಿಸಿದ. ಹೊಗೆ ಎದ್ದಿತು. ಎಲ್ಲರಿಗೂ ದೇವರ ಮನೆ ನೆನಪಾಗುವ ವಾಸನೆ ಅದು. ಪಕ್ಕದಲ್ಲಿದ್ದ ಹೆಂಗಸು ಕಣ್ಣುಮುಚ್ಚಿ ಕೈ ಮುಗಿದೇಬಿಟ್ಟಳು. ನನಗೆ ಮಾತ್ರ ಸಿಟ್ಟು ಬಂತು. ಕೊಳ್ಳಬೇಕಿದ್ದ ಊದುಬತ್ತಿಯನ್ನೂ ಬಿಟ್ಟು ಹೊರಗೆ ಬಂದೆ.

ರಾಳದ ವಾಸನೆ ನನ್ನ ಮಟ್ಟಿಗೆ ದೇವರದ್ದಲ್ಲ, ಕಾಕುವಿನದು. ಬೇಲಾಪುರದ ನಮ್ಮ ಬಿಲ್ಡಿಂಗಿನಲ್ಲಿ ಅವರು ನಮಗಿಂತ ಒಂದು ಮಹಡಿ ಕೆಳಗಿದ್ದರು. ಗದಗಿನ ಕಡೆಯವರು. ಅವರ ಕಡೆ ಚಿಕ್ಕಮ್ಮನಿಗೆ ಕಾಕು ಅನ್ನುತ್ತಾರೆ, ಇಲ್ಲಿನ ಮರಾಠಿಯವರೂ ಕಾಕು ಅನ್ನುತ್ತಾರೆ. ಹೀಗಾಗಿ ಇಡೀ ಬಿಲ್ಡಿಂಗಿಗೇ ಅವರು ಕಾಕು. ನಮ್ಮದು ಕುಂದಾಪುರದ ಕಡೆ. ಅಪ್ಪ ಥಾಣೆಯಲ್ಲಿ ಹೋಟೆಲ್ ನೋಡಿಕೊಳ್ಳುತ್ತಿದ್ದರು, ನಾನು ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಕಡಲ ಕಡೆಯವಳೆಂದು ಹೆಸರೇ ಹೊರತು ದೋಣಿಯ ವಿಷಯದಲ್ಲಿ ನಾನು ಶುದ್ಧ ದಡ್ಡಿ. ಕಾಕುವೋ, ಮದುವೆಯಾಗಿ ಬರುವವರೆಗೆ ಕೆರೆಗಿಂತ ದೊಡ್ಡ ನೀರು ಕಂಡವರಲ್ಲ. ಅಂಥವರು ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿನಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡತಿ ಹಿಡಿದು, ಒಂದು ಹಾಯಿದೋಣಿಯ ಹೊಟ್ಟೆಗೆ ಬಡಿಯುತ್ತ ಕೂತಿರುತ್ತಿದ್ದರು.

ದೋಣಿ ಅವರ ಗಂಡ ತಂದದ್ದು. ಕಾಕಾ ಇಲ್ಲಿಯೇ ಸರ್ಕಾರಿ ಕಚೇರಿಯಲ್ಲಿದ್ದರು. ಕಡಲು ಊರೊಳಗೆ ಚಾಚಿಕೊಂಡ ಖಾಡಿಯ ದಂಡೆಯಲ್ಲಿ ವರ್ಷಗಟ್ಟಲೆ ವಾಕಿಂಗ್ ಮಾಡಿ, ಒಂದು ದಿನ ನಿನ್ನನ್ನು ದೋಣಿಯಲ್ಲಿ ಆಚೆ ದಂಡೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೆಂಡತಿಗೆ ಹೇಳುತ್ತ ಬಂದವರು. ರಿಟೈರ್ ಆದ ಮೇಲೆ ಮೀನುಗಾರರ ಕೋಳಿವಾಡದಲ್ಲಿ ಯಾರೋ ಮಾರುತ್ತಿದ್ದ ಹಳೆಯ ಪುಟ್ಟ ಹಾಯಿದೋಣಿಯನ್ನು ತಂದು ಪಾರ್ಕಿಂಗಿನ ಮೂಲೆಯಲ್ಲಿ ಇಟ್ಟರು. ಎರಡು ಮಂಚ ಜೋಡಿಸಿದಷ್ಟು ಉದ್ದ, ಹಲಗೆಗೆ ಹಲಗೆ ಸೇರಿಸಿ ಕಟ್ಟಿದ್ದು. ಬಣ್ಣ ಹೊಡೆಯುತ್ತೇನೆ, ಸಂದು ಮುಚ್ಚುತ್ತೇನೆ ಎಂದು ದಿನಾ ಹೇಳುತ್ತಲೇ ಇದ್ದವರು, ಒಂದು ಬೆಳಿಗ್ಗೆ ಹಾಲು ತರಲು ಹೋದವರು ಹಾಗೆಯೇ ಹೋಗಿಬಿಟ್ಟರು. ದೋಣಿ ಒಣಗುತ್ತ ಕೂತಿತು. ಒಣಗಿದಂತೆಲ್ಲ ಹಲಗೆಗಳ ನಡುವಿನ ಸಂದು ಅಗಲವಾಗಿ, ಒಳಗೆ ನಿಂತರೆ ಹೊರಗಿನ ಸ್ಕೂಟರುಗಳು ಕಾಣುತ್ತಿದ್ದವು.

ವರ್ಷಾಂತಿಕ ಮುಗಿದ ಮೇಲೆ ಕಾಕು ಅದರ ಕೆಲಸಕ್ಕೆ ಕೂತರು. ಗಂಡನ ನೆನಪಿಗೆಂದು ಮಾಡುತ್ತಿದ್ದಾರೆ ಎಂದುಕೊಂಡು ನಾನೂ ಕರಗಿಹೋಗಿ, ಅದನ್ನೇ ಅವರ ಮುಂದೆ ಆಡಿದೆ. ಅವರು ಕೊಡತಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ನೆನಪಿಗಲ್ಲ ತಂಗಿ, ಸಿಟ್ಟಿಗೆ ಮಾಡ್ಲಿಕತ್ತೀನಿ. ಸಂಸಾರ ಪೂರ್ತಿ ಕರ್ಕೊಂಡ ಹೋಗ್ತೀನಿ, ಕರ್ಕೊಂಡ ಹೋಗ್ತೀನಿ ಅಂದ್ರು. ದೋಣಿ ತಂದ್ರು, ತಾವ ಹೋದ್ರು. ಇನ್ನ ನಾನ ಹೋಗಿ ಬರ್ತೀನಿ. ಅವರ ಹಂಗು ಬ್ಯಾಡ ನನಗ."

ಅವತ್ತಿನಿಂದ ಅವರನ್ನು ಕಂಡರೆ ನನಗೆ ಇಷ್ಟವಾಯಿತು. ನಮ್ಮ ಬಿಲ್ಡಿಂಗಿನಲ್ಲಿ ಸಿಟ್ಟಿಗೆ ಬರ ಇರಲಿಲ್ಲ. ಆದರೆ ಅದೆಲ್ಲ ಪಾರ್ಕಿಂಗ್, ಟ್ಯಾಂಕರ್ ನೀರು, ಮೇಲಿನ ಮನೆಯ ಬಾತ್‌ರೂಮು ಎಂದು ಹಂಚಿಹೋಗುವ ಚಿಲ್ಲರೆ ಸಿಟ್ಟು. ಕಾಕುವಿನದು ಒಂದು ಕೆಲಸ ಮಾಡಿ ಮುಗಿಸುವ ಸಿಟ್ಟು.

ಸೋರುವ ಜಾಗ ಹುಡುಕಲು ಅವರು ಒಂದು ಉಪಾಯ ಮಾಡಿಕೊಂಡಿದ್ದರು. ದೋಣಿಯನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಹೊರಗಡೆ ಸಂದುಗಳ ಉದ್ದಕ್ಕೂ ಸೀಮೆಸುಣ್ಣ ಉಜ್ಜುತ್ತಿದ್ದರು. ಆಮೇಲೆ ಬಟ್ಟೆ ಜಾಲಿಸಿದ ನೀರನ್ನು ತಂದು ದೋಣಿಯೊಳಗೆ ತಂಬಿಗೆ ತಂಬಿಗೆಯಾಗಿ ಹಾಕುವುದು, ಇಳಿದು ಬಂದು ಟಾರ್ಚ್ ಹಿಡಿದು ಕೆಳಗೆ ತೂರಿ ನೋಡುವುದು. ನೀರು ಜಿನುಗಿದ ಕಡೆ ಸುಣ್ಣ ಕಪ್ಪಾಗುತ್ತದೆ. ಒಮ್ಮೆಲೇ ನೀರು ತುಂಬಿದರೆ ಎಲ್ಲಾ ಕಡೆ ಹರಿದುಬಂದು ತೂತು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಹನಿ ಬೀಳುವ ಜಾಗ ಒಂದಾದರೆ ನೀರು ಹೊಕ್ಕ ಜಾಗ ಇನ್ನೆಲ್ಲೋ ಇರುತ್ತದೆ. ಅದಕ್ಕೇ ಅವರು ಸ್ವಲ್ಪ ಸ್ವಲ್ಪವೇ ಹಾಕುತ್ತಿದ್ದರು, ಮೊದಲು ಕಪ್ಪಾದ ಗೆರೆಗೆ ಕುಂಕುಮದ ಬೊಟ್ಟಿಡುತ್ತಿದ್ದರು. ಆಫೀಸಿಗೆ ಹೊರಡುವ ಮುಂಚೆ ನಾನೂ ಬಗ್ಗಿ ನೋಡಿ ಹೋಗುತ್ತಿದ್ದೆ. ದೋಣಿಯ ಹೊಟ್ಟೆ ತುಂಬ ಬೊಟ್ಟುಗಳು...

ಸಂದು ಮುಚ್ಚುವ ವಿದ್ಯೆ ನಮ್ಮ ಮನೆಗೆ ಬರುತ್ತಿದ್ದ ಮೀನಿನವಳದು. ಅವಳ ಗಂಡ ದೋಣಿ ಇಟ್ಟವನು. ಹತ್ತಿಯ ಎಳೆ ಹೊಸೆದು ಸಂದಿಗೆ ತುಂಬಬೇಕು, ಕುಟ್ಟಿದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ಮೇಲೆ ಬಳಿಯಬೇಕು ಎಂದಳು. ಹತ್ತಿ ಹೊಸೆಯುವುದನ್ನು ಕಾಕುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೀಪದ ಬತ್ತಿ ಹೊಸೆಯುತ್ತಲೇ ಮುದುಕಿಯಾದ ಕೈ ಅದು. ಅವರು ಮೊದಲ ಸಲ ಹಲ್ಲು ಕಚ್ಚಿ, ಗಂಡನನ್ನು ಬೈಯುತ್ತ, ಕಲ್ಲಿನಂತೆ ಬಿಗಿಯಾಗಿ ಬಡಿದರು. ಮೀನಿನವಳು ನೋಡಿ ನಕ್ಕಳು. ಬುಟ್ಟಿ ಇಳಿಸಿ, "ಪಾಣಿ ಪಿಊ ದೇ ತಿಲಾ, ಮಗ್ ತೀ ಸ್ವತಾಚ್ ತೋಂಡ್ ಮಿಟತೇ" ಎಂದಳು. ಅವಳಿಗೆ, ಅಂದರೆ ದೋಣಿಗೆ, ನೀರು ಕುಡಿಯಲು ಬಿಡಿ, ಆಮೇಲೆ ತಾನೇ ಬಾಯಿ ಮುಚ್ಚುತ್ತಾಳೆ ಎಂದು ಅರ್ಥ. ಒಣ ಹಲಗೆ ನೀರಿಗೆ ಬಿದ್ದರೆ ಉಬ್ಬುತ್ತದೆ, ಉಬ್ಬಲು ಅದಕ್ಕೆ ಜಾಗ ಬೇಕು. ಈಗಲೇ ಬಿಗಿದು ತುಂಬಿದರೆ ಹಲಗೆ ಕಿತ್ತುಕೊಂಡು ಬರುತ್ತದೆ. ಕಾಕು ಅಷ್ಟನ್ನೂ ಕಿತ್ತು ಮತ್ತೆ ಸಡಿಲವಾಗಿ ತುಂಬಲು ಶುರುಮಾಡಿದರು.

ಹೊಸೆದ ಹತ್ತಿ ಸಾಲದೆ ಬಂತು. ಆಗಲೇ ನಡೆದದ್ದು ಬತ್ತಿಯ ಪ್ರಸಂಗ. ಮಧ್ಯಾಹ್ನ ಕಾಕುವಿನ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಒಳಗೆ ಹತ್ತಿಯ ರಾಶಿ, ಒಲೆಯ ಮೇಲೆ ರಾಳದ ಘಮ. ನೋಡಿದ ಹೆಂಗಸರೆಲ್ಲ, ಗಂಡ ಸತ್ತ ಮೇಲೆ ಕಾಕು ಲಕ್ಷಬತ್ತಿಯ ವ್ರತ ಹಿಡಿದಿದ್ದಾರೆ ಎಂದುಕೊಂಡರು. ಲಕ್ಷ ಬತ್ತಿ ಹೊಸೆದು ದೇವರಿಗೆ ಹಚ್ಚುವ ಕೆಲಸದಲ್ಲಿ ಒಂದು ಕೈ ಹಾಕಿದರೂ ಪುಣ್ಯ ಬರುತ್ತದೆ. ಹೀಗಾಗಿ ಕರೆಯದೇ ಬಂದು ಕೂತರು. ಮೇಲಿನ ಮಹಡಿಯವರು ಬಂದರು, ಎದುರು ಬಿಲ್ಡಿಂಗಿನವರು ಬಂದರು. ಕಾಕು ಎಲ್ಲರಿಗೂ ಹತ್ತಿ ಕೊಟ್ಟು, ಚಹಾ ಮಾಡಿಕೊಟ್ಟು, ಉದ್ದುದ್ದ ಹೊಸೀರಿ ಎಂದರು. ಪೂಜೆ ಯಾವಾಗ ಎಂದು ಯಾರೋ ಕೇಳಿದ್ದಕ್ಕೆ, "ದೊಡ್ಡ ಭರತಿ ದಿನ" ಎಂದರಂತೆ. ದೊಡ್ಡ ಭರತಿ, ಅಂದರೆ ಖಾಡಿಯ ದೊಡ್ಡ ಉಬ್ಬರ, ಬರುವುದು ಹುಣ್ಣಿಮೆಗೆ; ಪೂಜೆಯೂ ಅಂದೇ ಎಂದು ಅವರು ತಿಳಿದರು.

ಆ ಬತ್ತಿಗಳು ದೋಣಿಯ ಸಂದಿಗೆ ಹೋಗುತ್ತಿರುವುದನ್ನು ಕಂಡ ದಿನ ಬಿಲ್ಡಿಂಗಿನಲ್ಲಿ ರಂಪ ಎದ್ದಿತು. ದೇವರ ಬತ್ತಿಗೆ ಕೊಡತಿಯಲ್ಲಿ ಬಡಿಯುವುದೇ, ನಮ್ಮ ಪುಣ್ಯವನ್ನೆಲ್ಲ ಹಡಗಿಗೆ ತುರುಕಿದಿರಾ ಎಂದು ಹೆಂಗಸರು ಸುತ್ತುಗಟ್ಟಿ ನಿಂತರು. ಕಾಕು ಕೂತಲ್ಲಿಂದ ಏಳಲಿಲ್ಲ.

"ದೇವರ ಬತ್ತಿ ಅಂತ ನಾ ಯಾವಾಗ ಹೇಳೀನ್ರಿ? ನಿಮ್ಮ ಕೈ ಖಾಲಿ ಇದ್ವು, ಹತ್ತಿ ಕೊಟ್ಟೆ, ಹೊಸದ್ರಿ. ಪುಣ್ಯ ಬೇಕಾದ್ರ ಅದೂ ಸಿಗ್ತದ, ನಾ ಮುಳುಗಲಿಲ್ಲ ಅಂದ್ರ."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ನಗು ಬರಲಿಲ್ಲ. ಮರುದಿನವೇ ಕಲ್ಯಾಣದಲ್ಲಿದ್ದ ಕಾಕುವಿನ ಮಗನಿಗೆ ಫೋನು ಹೋಯಿತು: ತಾಯಿಗೆ ತಲೆ ಕೆಟ್ಟಿದೆ, ಬಂದು ಕರೆದುಕೊಂಡು ಹೋಗು.

ಮಗ ಒಬ್ಬನೇ. ಟೆರೇಸು, ಬಾತ್‌ರೂಮುಗಳ ವಾಟರ್‌ಪ್ರೂಫಿಂಗ್ ಕಂತ್ರಾಟು ಅವನದು. ಉಲ್ಹಾಸನಗರದಿಂದ ಡೊಂಬಿವಲಿಯವರೆಗೆ ಅವನ ಜನ ಕೆಲಸ ಮಾಡುತ್ತಿದ್ದರು. ಕೆಟ್ಟವನೇನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಕೈತೊಳೆದುಕೊಳ್ಳಬಹುದಿತ್ತು. ಕಾಕಾ ಹೋದಾಗಿನಿಂದ ಈ ಮನೆ ಮಾರಿ ತಾಯಿಯನ್ನು ತನ್ನ ಜೊತೆ ಇಟ್ಟುಕೊಳ್ಳಬೇಕೆಂದು ಅವನ ಹಠ. ಕಾಕುವಿಗೆ ಈ ಮನೆ ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಫೋನು ಬಂದದ್ದು ಅವನಿಗೆ ರೋಗಿ ಬಯಸಿದ್ದೂ ವೈದ್ಯ ಹೇಳಿದ್ದೂ ಒಂದೇ ಆದಂತಾಯಿತು. ಬಂದವನು ಪಾರ್ಕಿಂಗಿನಲ್ಲೇ ನಿಂತು, "ಬಸ್ ಆಯಿ, ಅಬ್ ಚಲ್" ಎಂದ. ಸಾಕು ಅಮ್ಮ, ಇನ್ನು ನಡಿ ಎಂದು.

ಕಾಕು ಅವನ ಮುಂದೆ ಶರತ್ತು ಇಟ್ಟರು. ಸಾಕ್ಷಿಗೆ ನಾನಿದ್ದೆ.

"ಮಳಿ ಬರೂದ್ರಾಗ ಈ ದೋಣಿ ನೀರಿಗೆ ಇಳಸ್ತೀನಿ. ಇದರಾಗ ಕೂತು ಆಚೆ ದಂಡಿಗೆ ಹೋಗಿ ಬರ್ತೀನಿ. ಬಂದ್ನಿ ಅಂದ್ರ ನೀ ಮತ್ತ ಮನೀ ಮಾರೂ ಮಾತು ಆಡಬ್ಯಾಡ. ಆಗಲಿಲ್ಲ ಅಂದ್ರ ತುಟಿಪಿಟಕ್ ಅನ್ನದ ನಿನ್ನ ಹಿಂದ ಬರ್ತೀನಿ."

ಅವನು ನಕ್ಕು, ಕೈ ಮುಂದೆ ಮಾಡಿ, ಡನ್ ಎಂದ. ಆಟವಾಡುತ್ತಿದ್ದೇವೆ ಎಂದುಕೊಂಡಿದ್ದನೋ ಏನೋ. ಕಾಕು ಆಟವಾಡುತ್ತಿರಲಿಲ್ಲ. ಹಾಯಿ ಹಿಡಿಯಲು ಮೀನಿನವಳ ಗಂಡ ಬರುತ್ತೇನೆಂದು ಒಪ್ಪಿದ್ದ. ಉಳಿದದ್ದು ದೋಣಿ ಸೋರದಂತೆ ಮಾಡುವುದೊಂದೇ. ಆ ಕೆಲಸದ ಮೇಲೆ ಅವರ ಮನೆ, ಅವರ ಒಲೆ, ಅವರ ಬಾಗಿಲಿನ ಕೀಲಿ ಎಲ್ಲ ನಿಂತಿತ್ತು. ನೆರೆಯವರು ಮೂಗು ಮುರಿಯುವಷ್ಟು ಮುರಿಯಲಿ ಎಂದು ಅವರು ಮತ್ತೆ ಕೊಡತಿ ಹಿಡಿದರು. ಸಂದುಗಳೆಲ್ಲ ಮುಗಿಯುತ್ತ ಬಂದವು, ರಾಳ ಬಳಿಯುವುದಷ್ಟೇ ಬಾಕಿ.

ಆಗ ಡೊಂಬಿವಲಿಯಲ್ಲಿ ಅವರ ನೆಂಟರ ಮನೆಯ ಮುಂಜಿ ಬಂತು. ಕಾಕು ಹೋಗಿ ಅಲ್ಲೇ ಉಳಿದರು. ಸಂಜೆ ನಾನು ಆಫೀಸಿನಿಂದ ಬಂದರೆ ಪಾರ್ಕಿಂಗಿನಲ್ಲಿ ಮಗ ನಿಂತಿದ್ದಾನೆ, ಅವನ ಕೆಲಸದವರು ಡಬ್ಬಿ, ಬ್ರಷ್ಷು ತೊಳೆಯುತ್ತಿದ್ದಾರೆ. ದೋಣಿಯ ಸಂದುಗಳಿಗೆಲ್ಲ ಟೆರೇಸಿನ ಬಿರುಕಿಗೆ ತುಂಬುವ ಬೂದು ಬಣ್ಣದ ಮಸಾಲೆಯನ್ನು ಗಿಡಿದು ತುಂಬಿದ್ದರು. ಒಳಗಡೆಯಿಡೀ ರಬ್ಬರಿನಂಥ ಬಿಳಿಯ ಕೋಟಿಂಗು. ಸಂದು ಮುಟ್ಟಿದರೆ ಆಗಲೇ ಸಿಮೆಂಟಿನಂತೆ ಗಟ್ಟಿ.

"ಆಂಟಿ, ಅಬ್ ಏಕ್ ಬೂಂದ್ ನಹೀ ಆಯೇಗಾ. ದಸ್ ಸಾಲ್ ಕಾ ಗ್ಯಾರಂಟಿ" ಎಂದ. ಇನ್ನು ಒಂದು ಹನಿಯೂ ಬರುವುದಿಲ್ಲ, ಹತ್ತು ವರ್ಷದ ಗ್ಯಾರಂಟಿ ಎಂದು. ಮುಖ ನಿಜವಾಗಿಯೂ ಬೆಳಗುತ್ತಿತ್ತು. ಅಮ್ಮ ಹೇಗೂ ಕೇಳುವವಳಲ್ಲ, ಹೋಗುವುದಾದರೆ ಮುಳುಗದೇ ಹೋಗಿಬರಲಿ ಎಂದು ಮಾಡಿಸಿದನಂತೆ. ಆ ಮಾತನ್ನು ನಾನು ಅವತ್ತು ನಂಬಿದೆ, ಇವತ್ತೂ ನಂಬುತ್ತೇನೆ.

ಈಗ ಹೇಳಿ, ಇದಕ್ಕೆ ಏನೆನ್ನುವುದು? ನಮ್ಮ ಈ ಊರುಗಳಲ್ಲಿ ಸೋರುವ ಜಾಗ ಹುಡುಕುವ ಪದ್ಧತಿಯೇ ಇಲ್ಲ. ಮೇಲಿನ ಮನೆಯ ಬಾತ್‌ರೂಮು ಸೋರುತ್ತದೆ, ಮೇಲಿನವನು ಬಾಗಿಲು ತೆರೆಯುವುದಿಲ್ಲ, ಕೆಳಗಿನವನು ತನ್ನ ಮನೆಯ ಸೀಲಿಂಗಿಗೆ ಬಳಿದುಕೊಂಡು ಕೂರುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದನ್ನೇ ಮಾಡಿ ಅನ್ನ ಉಂಡವನು ದೋಣಿಗೂ ಅದನ್ನೇ ಮಾಡಿದ: ನೀರು ಹೊರಗಿದ್ದರೆ ಬಣ್ಣ ಒಳಗೆ. ಒಂದು ಮಾತು ಕೇಳಬಹುದಿತ್ತು. ಆಯಿ, ಏನು ಮಾಡುತ್ತಿದ್ದೀ, ಹೀಗೇಕೆ ಸಡಿಲ ಬಿಟ್ಟಿದ್ದೀ ಎಂದು ಒಂದೇ ಮಾತು. ಹೆತ್ತವಳು ಅಷ್ಟು ದಿನದಿಂದ ಕೂತು ಮಾಡಿದ ಕೆಲಸದಲ್ಲಿ ಏನಾದರೂ ಅರ್ಥವಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಉಪಕಾರ ಮಾಡುವವರು ಹಾಗೆಯೇ. ಕೇಳಿದರೆ ಉಪಕಾರದ ತೂಕ ಕಡಿಮೆಯಾಗುತ್ತದೆ ನೋಡಿ.

ಕಾಕು ಮರುದಿನ ಬಂದರು. ಉಗುರಿನಿಂದ ಸಂದು ಕೆರೆದು ನೋಡಿದರು. ಉಳಿ ತಂದು ಹೊಡೆದರು. ಮಸಾಲೆ ಬರಲಿಲ್ಲ, ಹಲಗೆಯ ಅಂಚು ಚಕ್ಕೆ ಎದ್ದಿತು. "ಕಲ್ಲ ಆಗೇದ" ಎಂದು ಉಳಿ ಕೆಳಗಿಟ್ಟರು. ಸತ್ತ ಗಂಡನನ್ನೂ ಬಿಡದೆ ಬೈಯುತ್ತಿದ್ದ ಆ ಬಾಯಿ ಮಗನನ್ನು ಒಂದು ಮಾತೂ ಅನ್ನಲಿಲ್ಲ. ಅವನು ಬಂದಾಗ ಉಪ್ಪಿಟ್ಟು ಮಾಡಿ ತಟ್ಟೆಗೆ ಹಾಕಿಕೊಟ್ಟರು. ನನಗೆ ಮೈಯೆಲ್ಲ ಉರಿಯಿತು.

ದೊಡ್ಡ ಭರತಿಯ ದಿನ ಟೆಂಪೋದಲ್ಲಿ ದೋಣಿ ಖಾಡಿಯ ಜೆಟ್ಟಿಗೆ ಹೋಯಿತು. ಬಿಲ್ಡಿಂಗಿನ ಅರ್ಧ ಜನ ನೋಡಲು ಬಂದಿದ್ದರು, ಬತ್ತಿ ಹೊಸೆದವರೂ ಬಂದಿದ್ದರು. ನೀರಿಗೆ ಇಳಿಸಿದರೆ ದೋಣಿ ಹಗುರಾಗಿ ತೇಲಿತು, ಒಳಗೆ ಒಂದು ಹನಿ ಇಲ್ಲ. ಚಪ್ಪಾಳೆ ಬಿತ್ತು. ಮಗ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ, ಈಗಲೇ ಹತ್ತು ಆಯಿ, ಹೋಗಿ ಬಾ ಎಂದ. ಕಾಕು ಹತ್ತಲಿಲ್ಲ. "ಇನ್ನೂ ಒಣಗೇದ, ಅದಕ್ಕ ಸೋರವಲ್ತು. ನಡು ನೀರಾಗ ಬಾಯಿ ಬಿಟ್ರ ಏನ್ ಮಾಡ್ಲಿ? ನಾಕ ದಿನ ನೀರು ಕುಡೀಲಿ, ಆಮ್ಯಾಲೆ ನೋಡೂಣು" ಎಂದರು. ಮೀನಿನವಳ ಗಂಡನೂ ಬಗ್ಗಿ ಸಂದುಗಳನ್ನು ನೋಡಿ, ಹಗ್ಗ ಬಿಗಿದು ಕಟ್ಟಿದ.

ಹಲಗೆಗಳು ನೀರು ಕುಡಿದವು. ಉಬ್ಬಿದವು. ಉಬ್ಬಲು ಜಾಗ ಇರಲಿಲ್ಲ. ಒಂದು ಬೆಳಿಗ್ಗೆ ಮೀನಿನವಳು ಬಾಗಿಲಿಗೆ ಬಂದು, ಬುಟ್ಟಿ ಇಳಿಸದೆಯೇ, ಕಾಕುವನ್ನು ಕರೆಯಿರಿ ಎಂದಳು. ಹೋಗಿ ನೋಡಿದರೆ ನೀರು ಇಳಿದಿತ್ತು, ದೋಣಿ ಕೆಸರಿನಲ್ಲಿ ವಾಲಿ ಕೂತಿತ್ತು. ಒಂದು ಪಕ್ಕದ ಹಲಗೆ ಮೊಳೆಗಳ ಸಮೇತ ಕಿತ್ತುಕೊಂಡು ಹೊರಗೆ ಚಾಚಿತ್ತು. ಒಳಗಿನ ಬಿಳಿ ಬಣ್ಣ ಮಾತ್ರ ಹಾಳೆಯ ಹಾಗೆ ಅಖಂಡವಾಗಿ ಜೋತಾಡುತ್ತಿತ್ತು. ಗ್ಯಾರಂಟಿಯಲ್ಲಿ ಸುಳ್ಳಿರಲಿಲ್ಲ.

ಹಿಂದೆಯೇ ಬಂದ ಬಿಲ್ಡಿಂಗಿನ ಹೆಂಗಸರು, ದೇವರ ಬತ್ತಿ ತುರುಕಿದರೆ ಮತ್ತೇನಾಗುತ್ತದೆ ಎಂದರು. ಗಂಡಸರು, ಹೆಂಗಸರು ದೋಣಿ ಮಾಡಿದರೆ ಹೀಗೇ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ನನ್ನ ಮಣಿಕಟ್ಟು ಹಿಡಿದರು. ಕೊಡತಿ ಹಿಡಿದ ಕೈ, ನೋಯುವಷ್ಟು ಬಿಗಿ.

"ಸುಮ್ಮನಿರು ತಂಗಿ. ಈ ಮಂದಿ ಬಾಯಾಗ ಅವನ ಹೆಸರು ಬ್ಯಾಡ. ಅವನ ದಂಧೆ ಅದ, ಹೆಸರು ಕೆಡ್ತದ."

ಸುಮ್ಮನಾದೆ. ಮಳೆ ಶುರುವಾಗುವ ಮುಂಚೆ ಕಾಕು ಕಲ್ಯಾಣಕ್ಕೆ ಹೋದರು. ಆಡಿದಂತೆಯೇ, ತುಟಿಪಿಟಕ್ ಅನ್ನದೆ. ಮನೆ ಮಾರಿಯಾಯಿತು. ದೋಣಿಯ ಹಲಗೆಗಳನ್ನು ಯಾರೋ ಒಲೆಗೆ ಒಯ್ದರು.

ಆಮೇಲೆ ಒಮ್ಮೆ ಕಲ್ಯಾಣಕ್ಕೆ ಹೋಗಿ ನೋಡಿದ್ದೆ. ಎತ್ತರದ ಮಹಡಿ, ಕಿಟಕಿಯಿಂದ ರೈಲ್ವೆ ಹಳಿಗಳು ಕಾಣುತ್ತಿದ್ದವು. ಸೊಸೆ ಒಳ್ಳೆಯವಳು. ಕಾಕು ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. "ಯಾರಿಗೆ, ಕಾಕು?" ಎಂದೆ. "ಈ ಸಲ ಖರೇನ ದೇವರಿಗೆ" ಎಂದು ನಕ್ಕರು. ಆಮೇಲೆ ಸೀಲಿಂಗ್ ತೋರಿಸಿ, "ನೋಡು, ಇಲ್ಲಿ ಎಲ್ಲೂ ಸೋರಂಗಿಲ್ಲ. ಒಂದ ಹನಿ ಇಲ್ಲ" ಎಂದರು. ಅದರಲ್ಲಿ ಸಿಟ್ಟೇ ಇರಲಿಲ್ಲ. ಅದನ್ನು ಕೇಳಿ ನನಗೆ ಭಯವಾಯಿತು. ಇನ್ನೂ ಏನೋ ಹೇಳಿದರು, ರೈಲಿನ ಸದ್ದಿಗೆ ಅದು...

ಹೋದ ವರ್ಷ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಊಟವಾದ ಮೇಲೆ ಮಗ ನನ್ನ ಹತ್ತಿರ ಬಂದು ನಿಂತ. ಕೊನೆಯವರೆಗೂ ಆಯಿಗೆ ಏನೂ ಕಡಿಮೆ ಮಾಡಲಿಲ್ಲ ಎಂದ. ಅಷ್ಟು ಹೊತ್ತು ತಡೆದುಕೊಂಡಿದ್ದೆ. ಇನ್ನು ಆಗಲಿಲ್ಲ.

"ಆ ದೋಣಿ ಒಡೆದದ್ದು ನಿನ್ನ ಕೋಟಿಂಗಿನಿಂದ ಮಾರಾಯ. ಗೊತ್ತುಂಟಾ ನಿಂಗೆ? ಅವರು ಸರಿಯಾಗೇ ಮಾಡಿದ್ರು" ಎಂದೆ.

ಅವನ ಮುಖದ ಬಣ್ಣ ಬದಲಾಗಲಿಲ್ಲ. "ಪತಾ ಹೈ ಆಂಟಿ. ಆಯಿ ನೇ ಉಸೀ ದಿನ್ ಬತಾಯಾ ಥಾ" ಎಂದ. ಗೊತ್ತು, ದೋಣಿ ಒಡೆದ ದಿನವೇ ಆಯಿ ಹೇಳಿದ್ದಳು ಎಂದು. ಇಲ್ಲೇ ಇರಲು ಬಿಡು ಎಂದೂ ಕೇಳಿಕೊಂಡಿದ್ದಳು, ಆದರೆ ಶರತ್ತು ಅಂದರೆ ಶರತ್ತು ಅಲ್ಲವಾ, ಹೇಗೂ ಅವಳ ಒಳ್ಳೆಯದಕ್ಕೇ ಆಯಿತು ಎಂದೂ ಸೇರಿಸಿದ. ಹೇಳಿ, ಇನ್ನೊಬ್ಬರಿಗೆ ತಾಂಬೂಲ ಕೊಡಲು ಹೋದ.

 ಅಷ್ಟು ವರ್ಷ ನಾನು ತಿಳಿದದ್ದೇ ಬೇರೆ. ಮಗನ ಮನಸ್ಸು ನೋಯಬಾರದೆಂದು ಕಾಕು ಅವನಿಗೂ ಹೇಳದೆ, ತಾವಾಗಿ ಸೋತು ಹೋದರು ಎಂದುಕೊಂಡಿದ್ದೆ. ಅವರ ಮೇಲೂ ಒಂದಿಷ್ಟು ಸಿಟ್ಟು ಇಟ್ಟುಕೊಂಡಿದ್ದೆ. ಆದರೆ ಅವರು ಹೇಳಿದ್ದರು. ಊರಿಗೆ ಹೇಳಲಿಲ್ಲ, ಮಗನಿಗೆ ಹೇಳಿದ್ದರು. ನನ್ನ ಮನೆಯಲ್ಲಿ ನನ್ನನ್ನು ಇರಲು ಬಿಡು ಎಂದು ಕೇಳಿದ್ದರು. ಅವನು ಎಲ್ಲ ಕೇಳಿಸಿಕೊಂಡು, ಮನೆಯ ಸಾಮಾನು ಸಾಗಿಸಲು ಟೆಂಪೋ ತಂದಿದ್ದ.

ಈಗ ಕಾಕುವಿನ ಮನೆಯಲ್ಲಿ ಬೇರೆಯವರಿದ್ದಾರೆ. ಪಾರ್ಕಿಂಗಿನ ಮೂಲೆಯಲ್ಲಿ ಅವರ ಕಾರು ನಿಲ್ಲುತ್ತದೆ. ನೌಪಾಡಾದಿಂದ ಬಂದ ಸಂಜೆ ಕೆಳಗೆ ಹೆಂಗಸರು ಕೂತಿದ್ದರು. ಮಾತಿಗೆ ಮಾತು ಬಂದು ಯಾರೋ ಮತ್ತೆ ಆ ಬತ್ತಿಯ ಶಾಪದ ಕಥೆ ತೆಗೆದರು. ನಾನು ಅಲ್ಲೇ ನಿಂತು, ಮಗ ಮಾಡಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹೇಳಿದರೆ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಹೌದಾ, ಪಾಪ ಎಂದು ಅವರು ಎದ್ದು ಹೋದರು. ನಾನು ಖಾಡಿಯ ಕಡೆ ಹೋದೆ. ಭರತಿಯ ಹೊತ್ತು, ನೀರು ತುಂಬಿತ್ತು. ಆಚೆ ದಂಡೆಯ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಎಲೆ ಎಣಿಸಬಹುದು, ಅಷ್ಟು ಹತ್ತಿರ. ಒಳ್ಳೆಯ ಗಾಳಿ ಇದ್ದರೆ ಚಹಾ ಆರುವುದರೊಳಗೆ ಹೋಗಿ ಬರಬಹುದು. ಕಾಕು ಹೋಗಲಿಲ್ಲ.